ಮೂರು ದನಿಯ ಹಾಡು, ಮೂವತ್ತು ವಾದ್ಯದ ಮೇಳ

ಓದುಗರೇ, 1990ರ ದಶಕದಲ್ಲಿ ನೀವು ಶಾಲೆಗೆ ಹೋಗುತ್ತಿದ್ದವರಾದರೆ ಟಿ.ವಿ.ಗೆ ಜೋಡಿಸಿ ಆಡುವ ಆಟದ ಪೆಟ್ಟಿಗೆ ನಿಮಗೆ ನೆನಪಿರಬಹುದು. ಮನೆಯಲ್ಲಿ ಇಲ್ಲದಿದ್ದರೆ ಪೇಟೆಯ ಯಾವುದಾದರೂ ಅಂಗಡಿಯಲ್ಲಿ ಗಂಟೆಯ ಬಾಡಿಗೆ ಕೊಟ್ಟು ಆಡಿರುತ್ತೀರಿ. ಕೆಂಪು ಟೋಪಿ, ದಪ್ಪ ಮೀಸೆಯ ಪುಟ್ಟ ಮನುಷ್ಯನೊಬ್ಬ ಓಡುತ್ತಾ ಹಾರುತ್ತಾ ಇಟ್ಟಿಗೆ ಒಡೆಯುವ ಆಟ. ಆಟದ ಹೆಸರು ಮರೆತಿದ್ದರೂ ಅದರ ಹಾಡಿನ ಧಾಟಿ ಮರೆತಿರಲಾರಿರಿ. ಈ ಸಲ ನಾನು ಹೇಳಹೊರಟಿರುವುದು ಅಂಥ ಹಾಡುಗಳನ್ನು ಬಿಚ್ಚಿ ಮತ್ತೆ ಕಟ್ಟಿದವರ ಕಥೆ. ಕಟ್ಟಿದ್ದನ್ನು ಇನ್ನೊಬ್ಬರ ಮುಂದಿಟ್ಟು, ಅವರ ತೀರ್ಪಿಗೆ ಕಾದು ಕುಳಿತವರ ಕಥೆ.

ಮೊದಲು ಆ ಹಾಡುಗಳು ಹುಟ್ಟಿದ ಬಗೆಯನ್ನು ನೋಡೋಣ. 1978ರಲ್ಲಿ ಜಪಾನಿನ ಟೈಟೊ ಕಂಪನಿಯ ಸ್ಪೇಸ್ ಇನ್ವೇಡರ್ಸ್ ಆಟ ಬಂದಾಗ ಅದರಲ್ಲಿದ್ದದ್ದು ಕೆಳಗಿಳಿಯುವ ನಾಲ್ಕೇ ಸ್ವರ. ಶತ್ರುಗಳು ಕಡಿಮೆಯಾದಂತೆ ಆ ನಾಲ್ಕು ಸ್ವರದ ಲಯ ಏರುತ್ತಿತ್ತು, ಆಡುವವನ ಎದೆಬಡಿತವೂ ಏರುತ್ತಿತ್ತು. 1982ರ ಕಮೊಡೋರ್ 64 ಗಣಕದಲ್ಲಿದ್ದ ಸಿಡ್ ಎಂಬ ಧ್ವನಿ ಚಿಪ್ಪಿಗೆ ಏಕಕಾಲಕ್ಕೆ ಮೂರು ದನಿ ಮಾತ್ರ ಹೊರಡಿಸಲು ಸಾಧ್ಯವಿತ್ತು. 1983ರ ನಿಂಟೆಂಡೊ ಫ್ಯಾಮಿಕಾಮ್ ಯಂತ್ರದಲ್ಲಿ ರಾಗಕ್ಕೆ ಒದಗುತ್ತಿದ್ದ ದನಿಗಳೂ ಮೂರೇ. ತಾಳಕ್ಕೆಂದು ಒಂದು ಗದ್ದಲದ ದನಿ, ಜೊತೆಗೆ ಚಿಕ್ಕ ಧ್ವನಿತುಣುಕು ನುಡಿಸುವ ಒಂದು ದಾರಿ. ಇಷ್ಟರಲ್ಲೇ 1985ರಲ್ಲಿ ಕೋಜಿ ಕೊಂಡೊ ಅವರು ನಮ್ಮ ಮೀಸೆಯ ಮಾರಿಯೋನ ಹಾಡನ್ನು ಕಟ್ಟಿದರು. 2023ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನು ತನ್ನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಸೇರಿಸಿತು. ಆ ಪಟ್ಟಿ ಸೇರಿದ ಮೊದಲ ವಿಡಿಯೋ ಗೇಮ್ ಸಂಗೀತ ಅದೇ.

ಬಡತನದಲ್ಲಿ ಹೊಳೆದ ಉಪಾಯಗಳು ಹಲವು. ಮೂರು ಸ್ವರಗಳನ್ನು ಒಟ್ಟಿಗೆ ನುಡಿಸಲು ಮೂರೂ ದನಿಗಳನ್ನು ವ್ಯಯಿಸಿದರೆ ರಾಗಕ್ಕೆ ಏನೂ ಉಳಿಯದು. ಆದ್ದರಿಂದ ಇಂಗ್ಲೆಂಡಿನ ರಾಬ್ ಹಬರ್ಡ್ ಮೊದಲಾದವರು ಒಂದೇ ದನಿಯಲ್ಲಿ ಆ ಮೂರು ಸ್ವರಗಳನ್ನು ಒಂದರ ಹಿಂದೊಂದು ಮಿಂಚಿನ ವೇಗದಲ್ಲಿ ಓಡಿಸಿದರು. ಕಿವಿಗೆ ಅದು ಸ್ವರಮೇಳವೇ, ಆದರೆ ಪಾದರಸದಂತೆ ನಡುಗುವ ಮೇಳ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಆಡುವವನು ಎಷ್ಟು ಹೊತ್ತು ಆಡುತ್ತಾನೋ ಯಾರಿಗೆ ಗೊತ್ತು? ಹಾಗಾಗಿ ಹಾಡಿಗೆ ಮುಕ್ತಾಯವೇ ಇರುತ್ತಿರಲಿಲ್ಲ. ಗಾಣದೆತ್ತಿನಂತೆ ಸುತ್ತಿ ಮತ್ತೆ ಮೊದಲಿಗೆ ಬರುತ್ತಿತ್ತು. ಈ ಎರಡು ಸಂಗತಿಗಳು ಮುಂದೆ ಬೇಕಾಗುತ್ತವೆ, ನೆನಪಿಟ್ಟುಕೊಳ್ಳಿ.

ಆಟದ ಹಾಡನ್ನು ಆಟದಿಂದ ಹೊರತರುವ ಕೆಲಸ ಬೇಗನೇ ಶುರುವಾಯಿತು. 1984ರಲ್ಲಿ ಜಪಾನಿನ ಹರುಓಮಿ ಹೊಸೊನೊ ನಾಮ್ಕೊ ಕಂಪನಿಯ ಆಟಗಳ ಸಂಗೀತವನ್ನು ಗ್ರಾಮಫೋನ್ ತಟ್ಟೆಗೆ ಏರಿಸಿದರು. 1986ರಲ್ಲಿ ಕೋಯಿಚಿ ಸುಗಿಯಾಮ ಡ್ರ್ಯಾಗನ್ ಕ್ವೆಸ್ಟ್ ಆಟಕ್ಕೆ ಸಂಗೀತ ಕೊಟ್ಟು, ಅದೇ ವರ್ಷ ಅದನ್ನು ವಾದ್ಯವೃಂದಕ್ಕೂ ಅಳವಡಿಸಿದರು. 1992ರಲ್ಲಿ ರಂಗಸಂಗೀತದ ದೊಡ್ಡ ಹೆಸರಾದ ಆಂಡ್ರ್ಯೂ ಲಾಯ್ಡ್ ವೆಬರ್, ನೈಜಲ್ ರೈಟ್ ಜೊತೆಗೂಡಿ ಡಾಕ್ಟರ್ ಸ್ಪಿನ್ ಎಂಬ ಮರೆಹೆಸರಿನಲ್ಲಿ ಟೆಟ್ರಿಸ್ ಹಾಡಿಗೆ ನೃತ್ಯದ ತಾಳ ಕೊಟ್ಟರು. ಬ್ರಿಟನ್ನಿನ ಪಟ್ಟಿಯಲ್ಲಿ ಅದು 6ನೇ ಸ್ಥಾನಕ್ಕೇರಿತು. ಸೋಜಿಗವೆಂದರೆ ಆ ಧಾಟಿ ಮೂಲದಲ್ಲಿ ಟೆಟ್ರಿಸ್‌ದೇ ಅಲ್ಲ. ರಷ್ಯದ ಕವಿ ನೆಕ್ರಾಸೊವ್ 1861ರಲ್ಲಿ ಊರೂರು ತಿರುಗುವ ವ್ಯಾಪಾರಿಗಳ ಮೇಲೆ ಬರೆದ ಪದ್ಯವೊಂದು ಜನಪದ ಹಾಡಾಗಿ, 1989ರಲ್ಲಿ ಹಿರೊಕಾಜು ತನಾಕಾ ಅವರ ಕೈಯಲ್ಲಿ ಗೇಮ್ ಬಾಯ್ ಯಂತ್ರದೊಳಗೆ ಹೊಕ್ಕಿತ್ತು. ಒಂದೇ ಧಾಟಿಗೆ ಎರಡು ಭಾಷೆಯ ಮಾತು ಕೂಡಿಸಿ ಭಜನೆ ಹಾಡುವ ನಮ್ಮ ಗಡಿಯೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇವರೆಲ್ಲ ವೃತ್ತಿನಿರತರು. ಹವ್ಯಾಸಿಗಳ ಕಾಲ ಬಂದದ್ದು ಮನೆಯ ಗಣಕದಲ್ಲೇ ಹಳೆಯ ಆಟಯಂತ್ರಗಳನ್ನು ಅನುಕರಿಸುವ ತಂತ್ರಾಂಶಗಳು ಬಂದ ಮೇಲೆ. ಆಟ ಹೊರಗೆ ಬಂತು, ಜೊತೆಗೆ ಹಾಡೂ ಬಂತು. ಅಂಥ ಅನುಕರಣೆಯ ಬಗ್ಗೆ ಓವರ್‌ಕ್ಲಾಕ್ಡ್ ಎಂಬ ವ್ಯಂಗ್ಯಚಿತ್ರಮಾಲೆ ಮಾಡುತ್ತಿದ್ದ ಅಮೆರಿಕದ ಡೇವಿಡ್ ಲಾಯ್ಡ್, 1999ರ ಡಿಸೆಂಬರ್ 11ರಂದು ಓವರ್‌ಕ್ಲಾಕ್ಡ್ ರೀಮಿಕ್ಸ್ ಎಂಬ ಸಂಗ್ರಹವನ್ನು ತೆರೆದರು. ಯಾರು ಬೇಕಾದರೂ ಹಳೆಯ ಆಟದ ಹಾಡನ್ನು ಹೊಸದಾಗಿ ಕಟ್ಟಿ ಕಳುಹಿಸಬಹುದು. ಕೇಳುವವರಿಗೆ ಪುಕ್ಕಟೆ, ಕಟ್ಟಿದವರಿಗೂ ಬಿಡಿಗಾಸಿಲ್ಲ. ಮೊದಲು ಲಾಯ್ಡ್ ಒಬ್ಬರೇ ಕೇಳಿ ಆರಿಸುತ್ತಿದ್ದರು. ಬರುವ ಹಾಡುಗಳು ಹೆಚ್ಚಿದಾಗ ತೀರ್ಪುಗಾರರ ಒಂದು ಮಂಡಳಿ ಬಂತು. ಅವರು ಬರೀ ಹೌದು, ಇಲ್ಲ ಎಂದು ಬಿಡುತ್ತಿರಲಿಲ್ಲ. ಏಕೆ ಇಲ್ಲ ಎಂಬುದನ್ನು ಬರೆದು, ಎಲ್ಲರೂ ಓದುವಂತೆ ಇಡುತ್ತಿದ್ದರು.

ತೀರ್ಪುಗಳಲ್ಲಿ ಮತ್ತೆ ಮತ್ತೆ ಕಾಣುವ ದೂರು ಎರಡು, ಒಂದಕ್ಕೊಂದು ಎದುರಾದವು. ಮೊದಲನೆಯದು: ಇದು ಮೂಲಕ್ಕೆ ತೀರ ಹತ್ತಿರ. ಆಟದೊಳಗಿನ ಸ್ವರಗಳನ್ನು ಹಾಗೆಯೇ ತೆಗೆದು ಹೊಸ ವಾದ್ಯಕ್ಕೆ ಹಚ್ಚಿದರೆ ಅದು ಬಟ್ಟೆ ಬದಲಿಸಿದಂತೆ, ಅಷ್ಟೇ. ಎರಡನೆಯದು: ಇದು ಮೂಲದಿಂದ ತೀರ ದೂರ, ಹಾಡು ಚೆನ್ನಾಗಿದೆ, ಆದರೆ ಆ ಆಟ ಎಲ್ಲಿದೆ? ಕೆಲವು ತೀರ್ಪುಗಾರರು ಕೈಗಡಿಯಾರ ಹಿಡಿದು, ಮೂಲ ಧಾಟಿ ಎಷ್ಟು ಸೆಕೆಂಡು ಕೇಳಿಸಿತು, ಅರ್ಧಕ್ಕಿಂತ ಹೆಚ್ಚಾಯಿತೇ ಎಂದು ಲೆಕ್ಕ ಹಾಕುತ್ತಿದ್ದರು. ನನಗಂತೂ ಇದು ಅತಿರೇಕವೆನ್ನಿಸುತ್ತದೆ. ಒಳ್ಳೆಯ ಗಾಯಕ ರಾಗವನ್ನು ಹಾಡುವಾಗ ಮೂಲ ಎಷ್ಟು ಪಾಲು ಎಂದು ತೂಗಲಾದೀತೇ? ಆದರೆ ಆ ಲೆಕ್ಕದಿಂದ ಒಂದು ಉಪಕಾರವೂ ಆಯಿತು. ತಿರಸ್ಕೃತನಾದವನು ಮುಖ ನೋಡಿ ಮಣೆ ಹಾಕಿದರು ಎನ್ನುವಂತಿರಲಿಲ್ಲ. ಎಷ್ಟನೇ ಸೆಕೆಂಡಿನಲ್ಲಿ ಏನು ಎಂದು ಕಾಗದದ ಮೇಲೇ ಇತ್ತು.

ಉಳಿದವು ಕೈಕೆಲಸದ ದೂರುಗಳು, ಕಲಿಯುವವರಿಗೆ ಹೆಚ್ಚು ಉಪಯೋಗವಾದವೂ ಇವೇ. ತಾಳದ ಪ್ರತಿ ಪೆಟ್ಟೂ ಒಂದೇ ತೂಕದ್ದು, ಮನುಷ್ಯ ಹಾಗೆ ಬಾರಿಸುವುದಿಲ್ಲ. ಮಂದ್ರದ ವಾದ್ಯಗಳು ಒಂದರ ಮೇಲೊಂದು ಕುಳಿತು ಕೆಸರಾಗಿದೆ. ಎರಡನೇ ಸುತ್ತು ಮೊದಲನೆಯದರ ನಕಲು. ಮತ್ತು ಮುಕ್ತಾಯ! ಮೂಲಕ್ಕೇ ಮುಕ್ತಾಯವಿರಲಿಲ್ಲ ಎಂದೆನಲ್ಲ, ಹವ್ಯಾಸಿಗಳು ಇಲ್ಲಿ ಮುಗ್ಗರಿಸುತ್ತಿದ್ದರು. ದನಿಯನ್ನು ಮೆಲ್ಲನೆ ಅಡಗಿಸಿ ಜಾರಿಕೊಳ್ಳುವುದು, ಇಲ್ಲವೇ ನಡುವೆಯೇ ಕತ್ತರಿಸುವುದು. ಮೂಲ ಸಂಗೀತಗಾರ ಬರೆಯದೇ ಬಿಟ್ಟ ಕೊನೆಯನ್ನು ತಾನೇ ಬರೆಯಬೇಕು ಎಂಬುದು ಎಷ್ಟೋ ಮಂದಿಗೆ ತಿಳಿದದ್ದು ತಿರಸ್ಕಾರದ ಪತ್ರದಿಂದ. ಸ್ವರಮೇಳದ ಮಾತೂ ಹಾಗೆಯೇ. ಮೂರು ದನಿಯ ನಡುಗುವ ಓಟವನ್ನು ಮೂವತ್ತು ಪಿಟೀಲುಗಳ ದಪ್ಪ ಮೇಳಕ್ಕೆ ಹಾಕಿದರೆ ಹಾಡು ಶ್ರೀಮಂತವಾಗುತ್ತದೆ, ಆದರೆ ಅದರ ಚುರುಕು ಹೊರಟುಹೋಗುತ್ತದೆ. ತಿದ್ದಿ ಮತ್ತೆ ಕಳುಹಿಸಿ ಎಂಬ ಷರಾ ಹಲವು ತೀರ್ಪುಗಳಲ್ಲಿ ಕಾಣುತ್ತದೆ. ಸಂಬಳವಿಲ್ಲದ ಈ ಕೆಲಸದಲ್ಲಿ ಕಟ್ಟಿದವನಿಗೆ ಸಿಗುತ್ತಿದ್ದ ಸಂಭಾವನೆ ಏನಾದರೂ ಇದ್ದರೆ ಅದು ಇದೇ, ಮೂಲವನ್ನು ಬಲ್ಲ ನಾಲ್ಕು ಕಿವಿಗಳು ಕೂತು ಪೂರ್ತಿ ಕೇಳಿದವು ಎಂಬುದು.

ಕಾನೂನಿನ ದೃಷ್ಟಿಯಲ್ಲಿ ಇವರು ಕುಳಿತದ್ದು ಪರರ ಜಗಲಿಯ ಮೇಲೆ. ಹಾಡಿನ ಹಕ್ಕು ಕಂಪನಿಯದು. ಒಮ್ಮೆ ಕಂಪನಿಯೇ ಕರೆದದ್ದುಂಟು: ಈ ಬಳಗ 2006ರಲ್ಲಿ ಹೊರತಂದ ಸ್ಟ್ರೀಟ್ ಫೈಟರ್ ಹಾಡುಗಳ ಸಂಕಲನವನ್ನು ಮೆಚ್ಚಿ, ಕ್ಯಾಪ್‌ಕಾಮ್ 2008ರಲ್ಲಿ ಆ ಆಟದ ಹೊಸ ಆವೃತ್ತಿಗೆ ಇವರಿಂದಲೇ ಸಂಗೀತ ಮಾಡಿಸಿತು. ಆದರೆ 2012ರಲ್ಲಿ ಇವರು ನೊಬುಓ ಉಎಮಾತ್ಸು ಅವರ ಫೈನಲ್ ಫ್ಯಾಂಟಸಿ 6ರ ಸಂಗೀತವನ್ನು ಮರುಕಟ್ಟಿ ಡಿಸ್ಕ್ ಮಾಡಲು ಸಾರ್ವಜನಿಕರಿಂದ ಹಣ ಕೂಡಿಸತೊಡಗಿದಾಗ, ಹಕ್ಕುದಾರರಾದ ಸ್ಕ್ವೇರ್ ಎನಿಕ್ಸ್ ತಕರಾರು ತೆಗೆದು ವಂತಿಗೆ ನಿಂತಿತು. ಮಾತುಕತೆಯಾಗಿ ಪರವಾನಗಿಯ ದಾರಿ ಸಿಕ್ಕ ಮೇಲೆ ಮತ್ತೆ ಆರಂಭಿಸಿದರು. ಒಂದೂವರೆ ಲಕ್ಷ ಡಾಲರಿಗೂ ಮಿಕ್ಕಿ ಹಣ ಬಂತು. 2013ರಲ್ಲಿ 74 ಹಾಡುಗಳ, ಐದು ಡಿಸ್ಕ್‌ಗಳ ಬ್ಯಾಲೆನ್ಸ್ ಅಂಡ್ ರೂಯಿನ್ ಹೊರಬಂತು.

ನಿಮಗೆ ಬಿಡುವಾದಾಗ ಹೀಗೆ ಮಾಡಿ. ಆ 74ರಲ್ಲಿ ಯಾವುದಾದರೂ ಒಂದನ್ನು ಆರಿಸಿ. ಮೊದಲು 1994ರ ಮೂಲ ಕೇಳಿ. ಎಂಟು ದನಿ, ಧ್ವನಿಗೆಲ್ಲ ಸೇರಿ 64 ಕಿಲೋಬೈಟ್ ಜಾಗವಿದ್ದ ಯಂತ್ರದ್ದು. ಆಮೇಲೆ ಹೊಸದನ್ನು ಕೇಳಿ. ನಂತರ ಮೂಲವನ್ನು ಇನ್ನೊಮ್ಮೆ ಹಾಕಿ, ನೀವೇ ತೀರ್ಪುಗಾರರಾಗಿದ್ದರೆ ಏನು ಬರೆಯುತ್ತಿದ್ದಿರಿ ಎಂದು ಎರಡು ಸಾಲು ಗೀಚಿ ನೋಡಿ.