ಗಣಿತಸಾರಸಂಗ್ರಹದ ಆಬಾಧಾಸೂತ್ರ

ಮಹಾವೀರಾಚಾರ್ಯನು ಗಣಿತಸಾರಸಂಗ್ರಹದ ಪೀಠಿಕೆಯಲ್ಲಿ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿರುವುದರಿಂದ ಗ್ರಂಥದ ಕಾಲವು ಕ್ರಿ.ಶ. 850ರ ಸುಮಾರೆಂದು ನಿರ್ಣೀತವಾಗಿದೆ. 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಿಂದ ಹೊರತಂದ ಪರಿಷ್ಕರಣಕ್ಕೆ ಒದಗಿದ ಪ್ರತಿಗಳಲ್ಲಿ ಮೂಡುಬಿದಿರೆಯ ಜೈನಮಠದ ಕನ್ನಡಲಿಪಿಯ ತಾಳೆಯೋಲೆಯೂ ಒಂದು. ಈ ಕೃತಿಯ ಕ್ಷೇತ್ರಗಣಿತವ್ಯವಹಾರದಲ್ಲಿ ಬರುವ ಆಬಾಧಾಸೂತ್ರಕ್ಕೂ ಇಂದಿನ ಪಾಠಪುಸ್ತಕಗಳ ‘ಕೊಸೈನ್ ನಿಯಮ’ಕ್ಕೂ ಇರುವ ಸಂಬಂಧವು ವಿಚಾರಾರ್ಹವಾಗಿದೆ.

ತ್ರಿಭುಜದ ಶಿರಸ್ಸಿನಿಂದ ಭೂಮಿಗೆ ಇಳಿಸಿದ ಅವಲಂಬಕವು ಭೂಮಿಯನ್ನು ಎರಡು ಖಂಡಗಳಾಗಿ ವಿಭಾಗಿಸುತ್ತದೆ, ಇವೇ ಆಬಾಧೆಗಳು. ಭುಜಗಳ ವರ್ಗಾಂತರವನ್ನು ಭೂಮಿಯಿಂದ ಭಾಗಿಸಿ, ಬಂದ ಲಬ್ಧಕ್ಕೂ ಭೂಮಿಗೂ ಸಂಕ್ರಮಣ ಮಾಡಿದರೆ, ಎಂದರೆ ಅವೆರಡರ ಮೊತ್ತವನ್ನೂ ಅಂತರವನ್ನೂ ಅರ್ಧಿಸಿದರೆ, ಆಬಾಧೆಗಳು ದೊರೆಯುತ್ತವೆ. ಭುಜಗಳು 13, 15, ಭೂಮಿ 14 ಆದಾಗ ವರ್ಗಾಂತರ 56, ಲಬ್ಧ 4, ಆಬಾಧೆಗಳು 5 ಮತ್ತು 9, ಅವಲಂಬಕ 12.

ಸೂತ್ರದಲ್ಲಿ ಉಪಪತ್ತಿಯಿಲ್ಲ, ಆದರೆ ಅದು ದೂರದಲ್ಲಿಯೂ ಇಲ್ಲ. ಅವಲಂಬಕದ ಎರಡು ಪಕ್ಕಗಳಲ್ಲಿಯೂ ಒಂದೊಂದು ಲಂಬಕೋನ ತ್ರಿಭುಜವಿದೆ. ಅವಲಂಬಕವು ಎರಡಕ್ಕೂ ಸಾಮಾನ್ಯ. ಆದುದರಿಂದ ಭುಜಗಳ ವರ್ಗಾಂತರವು ಆಬಾಧೆಗಳ ವರ್ಗಾಂತರಕ್ಕೆ ಸಮ. ಆಬಾಧೆಗಳ ಮೊತ್ತವೇ ಭೂಮಿ. ಹೀಗಾಗಿ ಲಬ್ಧವು ಅವುಗಳ ಅಂತರವಾಗಲೇಬೇಕು. ಇದನ್ನೇ ತಿರುಗಿಸಿ ಬರೆದರೆ, ಒಂದು ಭುಜದ ವರ್ಗವು ಇನ್ನೊಂದು ಭುಜದ ಮತ್ತು ಭೂಮಿಯ ವರ್ಗಗಳ ಮೊತ್ತದಿಂದ, ಭೂಮಿ ಮತ್ತು ಆ ಇನ್ನೊಂದು ಭುಜದ ಪಕ್ಕದ ಆಬಾಧೆ ಇವುಗಳ ಗುಣಲಬ್ಧದ ಇಮ್ಮಡಿಯನ್ನು ಕಳೆದಷ್ಟು ಆಗುತ್ತದೆ: 169 ಕೂಡಿಸು 196, ಅದರಲ್ಲಿ 140 ಕಳೆದರೆ 225. ಆಬಾಧೆಯ ಸ್ಥಾನದಲ್ಲಿ ಭುಜ ಮತ್ತು ಕೋನದ ಕೊಸೈನುಗಳ ಗುಣಲಬ್ಧವನ್ನಿಟ್ಟರೆ ಇಂದಿನ ನಿಯಮವೇ ನಿಲ್ಲುತ್ತದೆ.

ಇಷ್ಟರಿಂದ ಆಚಾರ್ಯನೇ ಈ ನಿಯಮದ ಆದ್ಯಪ್ರವರ್ತಕನೆಂದು ಸಾರುವುದು ಅಭಿಮಾನದ ಮಾತಾದೀತೇ ಹೊರತು ಇತಿಹಾಸವಾಗದು. ಬ್ರಹ್ಮಗುಪ್ತನು 628ರಲ್ಲಿಯೇ ಈ ಸೂತ್ರವನ್ನು ಹೇಳಿದ್ದಾನೆ. ಅದಕ್ಕೂ ಬಹು ಹಿಂದೆ ಗ್ರೀಕರ ಯೂಕ್ಲಿಡನು ಇದೇ ತತ್ತ್ವವನ್ನು ಕ್ಷೇತ್ರರೂಪದಲ್ಲಿ ಸಾಧಿಸಿದ್ದನು. ಕೋನವನ್ನಾಗಲಿ ಕೋಟಿಜ್ಯೆಯನ್ನಾಗಲಿ ಆಬಾಧಾಸೂತ್ರವು ಬಳಸುವುದಿಲ್ಲವೆಂಬುದನ್ನೂ ಮರೆಯಬಾರದು. ಅವಲಂಬಕವು ಭೂಮಿಯ ಹೊರಗೆ ಬೀಳುವ ಸಂದರ್ಭವನ್ನು ಭಾಸ್ಕರನು 1150ರಲ್ಲಿ ಲೀಲಾವತಿಯಲ್ಲಿ ಎತ್ತಿಕೊಂಡನು: ಭೂಮಿ 9, ಭುಜಗಳು 10 ಮತ್ತು 17; ಒಂದು ಆಬಾಧೆ 15, ಇನ್ನೊಂದು ಋಣ 6.

ಪ್ರತಿಗಳನ್ನು ಹೋಲಿಸುವವರಿಗೆ ಈ ಉಪಪತ್ತಿಯಿಂದ ಬೇರೊಂದು ಪ್ರಯೋಜನವಿದೆ. ಟೀಕೆಯ ಓಲೆಯಲ್ಲಿ ಒಂದು ಅಂಕಿ ಮಾಸಿದ್ದರೂ, ಲಿಪಿಕಾರನ ಕೈತಪ್ಪಿದ್ದರೂ, ಉಳಿದ ಅಂಕಿಗಳಿಂದ ಎರಡು ಲಂಬಕೋನ ತ್ರಿಭುಜಗಳನ್ನು ಕಟ್ಟಿ ನೋಡಬಹುದು. ಎರಡರಲ್ಲಿಯೂ ಒಂದೇ ಅವಲಂಬಕ ಬಾರದ ಪಾಠವನ್ನು ಮೂಲಕ್ಕೆ ಸೇರಿಸದೆ ಅಡಿಟಿಪ್ಪಣಿಗೆ ಇಳಿಸುವುದೇ ಯುಕ್ತ.