ಕೂಲಿಮಠದಿಂದ ಕೌನ್ಸೆಲಿಂಗ್‌ವರೆಗೆ: ನಮ್ಮ ಮಕ್ಕಳ ಮೇಷ್ಟರು



ಶಾಲೆಗಳು ತೆರೆಯುವ ದಿನ ಹತ್ತಿರವಾದಂತೆ ಗಂಗಾನಗರ, ಆರ್.ಟಿ. ನಗರ, ಹೆಬ್ಬಾಳದ ನಮ್ಮ ಮನೆಗಳಲ್ಲಿ ಮೂರು ಪ್ರಶ್ನೆಗಳು ಏಳುತ್ತವೆ: ಯಾವ ಶಾಲೆ, ಎಷ್ಟು ಫೀಸು, ಟೀಚರು ಹೇಗೆ? ಮೊದಲ ಎರಡಕ್ಕೆ ಉತ್ತರ ಬೇಗ ಸಿಗುತ್ತದೆ. ಮೂರನೆಯದಕ್ಕೆ "ಎಲ್ಲಾ ಮಗುವಿನ ಅದೃಷ್ಟ" ಎಂದು ಹೇಳಿ ಸುಮ್ಮನಾಗುತ್ತೇವೆ. ನಮ್ಮ ನಾಡಿನ ಪ್ರಾಥಮಿಕ ಶಾಲೆಯ ಚರಿತ್ರೆಯನ್ನು ಸ್ವಲ್ಪ ತಿರುವಿ ನೋಡಿದರೆ ಇದರಲ್ಲಿ ಅದೃಷ್ಟದ ಪಾಲು ಕಡಿಮೆಯೆಂದು ತಿಳಿಯುತ್ತದೆ. ಮೇಷ್ಟರನ್ನು ಹೇಗೆ ಆರಿಸಿದರು, ಏನು ಕಲಿಸಿ ಕಳಿಸಿದರು, ಅವರ ಮನೆಯ ಒಲೆ ಯಾರ ದುಡ್ಡಿನಿಂದ ಉರಿಯಿತು ಎಂಬುದರ ಮೇಲೆ ಅವರ ನಡತೆ ಬಹುಮಟ್ಟಿಗೆ ನಿಂತಿದೆ.

ಸರ್ಕಾರಿ ಶಾಲೆಗಳು ಬರುವ ಮುನ್ನ ಹಳ್ಳಿಗಳಲ್ಲಿ ಇದ್ದದ್ದು ಕೂಲಿಮಠ. ಗುಡಿಯ ಅಂಗಳದಲ್ಲೋ ಯಾರದೋ ಜಗಲಿಯ ಮೇಲೋ ಐಗಳು ಮಕ್ಕಳನ್ನು ಕೂರಿಸಿಕೊಂಡು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು, ಮಗ್ಗಿ ಬಾಯಿಪಾಠ ಮಾಡಿಸುತ್ತಿದ್ದರು. ಮಕ್ಕಳ ಮನೆಯಿಂದ ಬಂದ ಕಾಸು, ಕಾಳುಕಡ್ಡಿಯೇ ಅವರ ಜೀವನ. ಮಹಾನವಮಿಯಲ್ಲಿ ಮಕ್ಕಳನ್ನು ಮನೆಮನೆಗೆ ಕರೆದೊಯ್ದು ಚೌಪದ ಹಾಡಿಸಿ, ಕೊಟ್ಟದ್ದನ್ನು ಪಡೆಯುವ ಪದ್ಧತಿಯೂ ಇತ್ತು. ಪಾಠ ಒಪ್ಪಿಸದವರಿಗೆ ಬೆತ್ತ, ಬಸ್ಕಿ. ಅದಕ್ಕೂ ಬಗ್ಗದವರಿಗೆ ಕೋದಂಡ, ಅಂದರೆ ಹಗ್ಗ ಹಿಡಿಸಿ ಮೇಲಿನಿಂದ ತೂಗುಹಾಕುವುದು. ಕೇಳಿದರೆ ಮೈ ನಡುಗುತ್ತದೆ. ಆದರೆ ಐಗಳೆಲ್ಲ ಕ್ರೂರಿಗಳೆಂದು ತೀರ್ಪು ಕೊಡಲು ನಾವು ಆತುರಪಡಬಾರದು. ಮಗುವಿಗೆ ಕಲಿಸುವುದು ಹೇಗೆಂದು ಅವರಿಗೆ ಯಾರೂ ಕಲಿಸಿರಲಿಲ್ಲ. ತಾವು ತಿಂದ ಏಟನ್ನೇ ಮುಂದಕ್ಕೆ ದಾಟಿಸಿದರು. ಇನ್ನು, ಹೆಚ್ಚು ಕೊಡುವ ಮನೆಯ ಮಗುವಿನ ಮೇಲೆ ಬೆತ್ತ ಹಗುರವಾಗಿ ಬಿದ್ದಿದ್ದರೆ ಅದರಲ್ಲಿ ಆಶ್ಚರ್ಯವೇನು?

ಈ ರೋಗ ನಮ್ಮ ನಾಡಿಗಷ್ಟೇ ಅಂಟಿದ್ದಲ್ಲ. 17ನೇ ಶತಮಾನದ ಫ್ರಾನ್ಸಿನಲ್ಲೂ ಬಡ ಮಕ್ಕಳ ಮೇಷ್ಟರದು ಅರೆಹೊಟ್ಟೆಯ, ತರಬೇತಿಯಿಲ್ಲದ ಬಾಳು. ನಾವು ಏಪ್ರಿಲ್ 7ರಂದು ಸ್ಮರಿಸುವ ಸಂತ ಜಾನ್ ಬ್ಯಾಪ್ಟಿಸ್ಟ್ ದ ಲಾಸಾಲ್ (1651–1719) ಅವರು ರೈಮ್ಸ್ ನಗರದಲ್ಲಿ ಇಂಥ ಮೇಷ್ಟರುಗಳನ್ನು ಕಂಡರು. ಉಪದೇಶ ಮಾಡುತ್ತಾ ಕೂರಲಿಲ್ಲ. 1681ರಲ್ಲಿ ಅವರನ್ನು ತಮ್ಮ ಮನೆಗೇ ಕರೆತಂದು ಜೊತೆಯಲ್ಲಿ ಇರಿಸಿಕೊಂಡರು. ಶ್ರೀಮಂತ ಮನೆತನದ ನೆಂಟರಿಗೆ ಇದು ಸಹಿಸಲಾಗಲಿಲ್ಲ. ಮೇಷ್ಟರುಗಳಿಗೆ ತರಬೇತಿಯ ಏರ್ಪಾಡು ಮಾಡಿದರು, ಲ್ಯಾಟಿನ್ನಿನ ಬದಲು ಮಕ್ಕಳ ಮನೆಮಾತಿನಲ್ಲೇ ಓದು ಕಲಿಸಿದರು. ಮಕ್ಕಳಿಂದಾಗಲಿ ಪಾಲಕರಿಂದಾಗಲಿ ಏನನ್ನೂ ಪಡೆಯಬಾರದೆಂಬುದು ಅವರ ಸಹೋದರರ ಕಟ್ಟಳೆ. ಮೊದಲು ಅನ್ನ ಮತ್ತು ಅರಿವು, ಆಮೇಲೆ ಕಟ್ಟಳೆ. ಈ ಕ್ರಮವೇ ಮುಖ್ಯವೆಂದು ನಮಗೆ ತೋರುತ್ತದೆ. 1950ರಲ್ಲಿ ಜಗದ್ಗುರು ಹನ್ನೆರಡನೇ ಪಿಯೂಸ್ ಅವರು ಲಾಸಾಲ್‌ರನ್ನು ಶಿಕ್ಷಕರ ಪಾಲಕ ಸಂತರೆಂದು ಸಾರಿದರು.

ಮೈಸೂರು ಸೀಮೆಗೆ ಬರೋಣ. ಶಾಸನಗಳ ಸಂಗ್ರಹದಿಂದ ಪ್ರಸಿದ್ಧರಾದ ಬಿ.ಎಲ್. ರೈಸ್ ಅವರು ವಿದ್ಯಾ ಇಲಾಖೆಯಲ್ಲಿ ದುಡಿದವರೆಂಬುದು ಅನೇಕರಿಗೆ ಮರೆತಿದೆ. 1868ರಲ್ಲಿ ಅವರು ಹೋಬಳಿಗೊಂದು ಶಾಲೆಯ ಯೋಜನೆ ಹಾಕಿದರು. ಮೇಷ್ಟರ ತರಬೇತಿಗೆ ನಾರ್ಮಲ್ ಶಾಲೆಗಳು ಬಂದವು. ಕೂಲಿ ಹೋಗಿ ಸಂಬಳ ಬಂತು, ಇನ್‌ಸ್ಪೆಕ್ಟರೂ ಬಂದರು. 1913ರಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಪ್ರಾಥಮಿಕ ಶಿಕ್ಷಣದ ರೆಗ್ಯುಲೇಷನ್ ಜಾರಿಯಾಯಿತು. ಮುಂದೆ ಸ್ಥಳೀಯ ಸಂಸ್ಥೆಗಳ ಕೈಗೆ ಹೋದ ಶಾಲೆಗಳು 1941ರ ಕಾಯಿದೆಯಿಂದ ಮತ್ತೆ ಸರ್ಕಾರದ ಕೈಸೇರಿದವು.

ಸರ್ಕಾರದ ನೌಕರಿ ಎಂದಮೇಲೆ ಹೊಸ ಕಾಯಿಲೆಯೊಂದು ಕಾದಿರುತ್ತದೆ: ಶಿಫಾರಸು. ದುಡ್ಡು ಕೊಟ್ಟು ಕೆಲಸಕ್ಕೆ ಸೇರಿದವರು ಮಕ್ಕಳ ಮುಂದೆ ನಿಂತು ಸತ್ಯವನ್ನು ಯಾವ ಬಾಯಿಂದ ಹೇಳಬೇಕು? ಇದಕ್ಕೆ ಮದ್ದು ಅರೆದವರು ಕೊಪ್ಪದ ಎಚ್.ಜಿ. ಗೋವಿಂದೇಗೌಡರು. 1994ರಿಂದ 1999ರವರೆಗಿನ ಸರ್ಕಾರಗಳಲ್ಲಿ ಶಿಕ್ಷಣ ಸಚಿವರಾಗಿದ್ದ ಅವರ ಕಾಲದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಶಿಕ್ಷಕರ ನೇಮಕವಾಯಿತು. ಅಂಕ ಮತ್ತು ಮೀಸಲಾತಿಯ ಪಟ್ಟಿ, ಎಲ್ಲರೆದುರಿಗೆ ಕೌನ್ಸೆಲಿಂಗ್. ಯಾರ ಮನೆ ಬಾಗಿಲನ್ನೂ ಕಾಯದೆ ಬಡ ರೈತನ ಮಗಳು ಮೇಡಂ ಆಗಬಹುದಾಯಿತು. ಆ ದಿನಗಳಲ್ಲಿ ಸೇರಿದವರನ್ನು ಕೇಳಿ ನೋಡಿ: ಒಂದು ಕಪ್ ಕಾಫಿಯನ್ನೂ ಯಾರಿಗೂ ಕೊಡಿಸದೆ ಕೆಲಸ ಸಿಕ್ಕಿತು ಎನ್ನುವಾಗ ಅವರ ದನಿಯೇ ಬೇರೆ. ಗೋವಿಂದೇಗೌಡರು 2016ರಲ್ಲಿ ತೀರಿಕೊಂಡರು. 2022ರಲ್ಲಿ ಪ್ರೌಢಶಾಲಾ ಶಿಕ್ಷಕರ ನೇಮಕದ ಅಕ್ರಮ ಆರೋಪದ ಮೇಲೆ ಸಿಐಡಿಯವರು ಹಲವರನ್ನು ಬಂಧಿಸಿದಾಗ ಅವರನ್ನು ನೆನೆದವರು ನಾವೊಬ್ಬರೇ ಅಲ್ಲ.

ಬಳಿಕ ಕೇಳುವವರೂ ಹುಟ್ಟಿಕೊಂಡರು. 2001ರಲ್ಲಿ ಪಾಲಕರೇ ಕೂರುವ ಎಸ್‌ಡಿಎಂಸಿಗಳು ಬಂದವು. 2009ರ ಶಿಕ್ಷಣ ಹಕ್ಕು ಕಾಯಿದೆ ಹೊಡೆತವನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿತು (17ನೇ ಕಲಂ). ವೇಳೆಗೆ ಸರಿಯಾಗಿ ಬರುವುದನ್ನು, ಪಾಠ ಮುಗಿಸುವುದನ್ನು, ಪಾಲಕರನ್ನು ಕಾಣುವುದನ್ನು ಕರ್ತವ್ಯವಾಗಿಸಿತು (24ನೇ ಕಲಂ). ಶಿಕ್ಷಕರು ಖಾಸಗಿ ಟ್ಯೂಷನ್ ಮಾಡಬಾರದೆಂದಿತು (28ನೇ ಕಲಂ).

ಕಟ್ಟಳೆ ಬಂತು. ಒಲೆಯ ಮಾತು? ಸರ್ಕಾರಿ ಶಾಲೆಗಳ ಖಾಲಿ ಹುದ್ದೆಗಳಿಗೆ ವರ್ಷವರ್ಷವೂ ಅತಿಥಿ ಶಿಕ್ಷಕರು ಬರುತ್ತಾರೆ. ಗೌರವಧನ ಅಷ್ಟಿಷ್ಟು, ಮುಂದಿನ ವರ್ಷದ ಭರವಸೆಯಿಲ್ಲ. ನಮ್ಮ ಗಂಗಾನಗರದಂಥ ಕಡೆ ಬಹಳ ಮಕ್ಕಳು ಹೋಗುವುದು ಖಾಸಗಿ ಶಾಲೆಗೆ. ಅಲ್ಲಿಯ ನೇಮಕಕ್ಕೆ ಕೌನ್ಸೆಲಿಂಗ್ ಇಲ್ಲ. ಅನುದಾನವಿಲ್ಲದ ಶಾಲೆಯಲ್ಲಿ ಸಂಬಳ ಆಡಳಿತ ಮಂಡಳಿ ಕೊಟ್ಟಷ್ಟು. ಧರ್ಮಪ್ರಾಂತ್ಯಗಳೂ ಕನ್ಯಾಮಠಗಳೂ ನಡೆಸುವ ಶಾಲೆಗಳು ಈ ಮಾತಿನಿಂದ ಹೊರಗಲ್ಲ. (ಆರ್.ಟಿ. ನಗರದ ಹೆಸರಿನಲ್ಲಿರುವ ರವೀಂದ್ರನಾಥ ಟ್ಯಾಗೋರರೇ 1901ರಲ್ಲಿ ಶಾಂತಿನಿಕೇತನದಲ್ಲಿ ಶಾಲೆ ತೆರೆದ ಮೇಷ್ಟರು. ಆ ಹೆಸರನ್ನು ದಿನಕ್ಕೆ ಹತ್ತು ಸಲ ಆಟೋದವರಿಗೆ ಹೇಳುವ ನಮಗೆ ಅದು ನೆನಪಾಗುವುದು ಅಪರೂಪ.)

ಶಾಲೆಯ ಸಭೆಗಳಲ್ಲಿ ನಾವು ಬಸ್ಸು, ಸಮವಸ್ತ್ರ, ಕಂಪ್ಯೂಟರಿನ ಬಗ್ಗೆ ವಿಚಾರಿಸುತ್ತೇವೆ. ಎರಡನೇ ತರಗತಿಯ ಟೀಚರಿಗೆ ಕೊಡುವ ಸಂಬಳದಲ್ಲಿ ಮನೆಬಾಡಿಗೆ ಕಟ್ಟಲಾಗುತ್ತದೆಯೇ ಎಂದು ಕೇಳಿದವರು ಎಷ್ಟು ಮಂದಿ? ಆದರೆ ಅದೇ ಟೀಚರಿಗೆ "ಎರಡು ಬಿಟ್ಟು ಬುದ್ಧಿ ಹೇಳಿ ಮಿಸ್" ಎನ್ನುವವರು ನಾವೇ. ಸಂಜೆ ಮಗುವನ್ನು ಅವರ ಮನೆಗೆ ಟ್ಯೂಷನ್ನಿಗೆ ಕಳಿಸುವವರೂ, ಕ್ರಿಸ್ಮಸ್ಸಿಗೆ ಕೇಕಿನ ಜೊತೆ ಸೀರೆಯನ್ನಿಟ್ಟು ಕೊಡುವವರೂ ನಾವೇ.