ವಿದ್ಯುತ್ ರೋಧಶೀಲತೆ ಮತ್ತು ಅಂತರ್ಜಲ ಶೋಧನೆ

ತಂತಿ ಉದ್ದವಾದಷ್ಟೂ ಅದರ ವಿದ್ಯುತ್ ರೋಧ ಹೆಚ್ಚು, ದಪ್ಪವಾದಷ್ಟೂ ಕಡಿಮೆ. ಆಕಾರ ಬದಲಾದರೂ ಬದಲಾಗದೆ ವಸ್ತುವಿನಲ್ಲೇ ಉಳಿಯುವ ಗುಣ ರೋಧಶೀಲತೆ. ಇದರ ಏಕಮಾನ ಓಮ್-ಮೀಟರ್. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ತಾಮ್ರದ ರೋಧಶೀಲತೆ ಸುಮಾರು 1.7×10⁻⁸, ಬಿರುಕಿಲ್ಲದ ಗಟ್ಟಿ ಗ್ರಾನೈಟಿನದು ಸಾವಿರಾರು.

ಲೋಹದ ತಂತಿಯ ಉದ್ದ, ದಪ್ಪ, ಉಷ್ಣತೆಗಳ ಪರಿಣಾಮವನ್ನು ಹಂಫ್ರಿ ಡೇವಿ 1821ರಲ್ಲೇ ತೋರಿಸಿದ್ದರು. ಕರೆಂಟು, ವೋಲ್ಟೇಜು, ರೋಧಗಳ ಸಂಬಂಧದ ನಿಯಮ ರೂಪಿಸಿದವರು ಜರ್ಮನಿಯ ಶಾಲಾ ಶಿಕ್ಷಕ ಗೇಯೋರ್ಗ್ ಓಮ್. ಅಂದಿನ ಬ್ಯಾಟರಿಗಳ ವೋಲ್ಟೇಜು ಸ್ಥಿರವಾಗಿ ನಿಲ್ಲುತ್ತಿರಲಿಲ್ಲ. ಅದಕ್ಕಾಗಿ ಅವರು ತಾಮ್ರ-ಬಿಸ್ಮತ್ ಜೋಡಿಯ ಒಂದು ತುದಿಯನ್ನು ಕುದಿನೀರಿನಲ್ಲೂ ಇನ್ನೊಂದನ್ನು ಮಂಜುಗಡ್ಡೆಯಲ್ಲೂ ಇರಿಸಿ ಸ್ಥಿರ ವೋಲ್ಟೇಜು ಪಡೆದರು. 1827ರಲ್ಲಿ ಬಂದ ಅವರ ಪುಸ್ತಕವನ್ನು ತವರಿನ ಪಂಡಿತರು ಅಷ್ಟಾಗಿ ಲೆಕ್ಕಿಸಲಿಲ್ಲ. ಲಂಡನ್ನಿನ ರಾಯಲ್ ಸೊಸೈಟಿ 1841ರಲ್ಲಿ ಕೋಪ್ಲಿ ಪದಕ ಕೊಟ್ಟಿತು.

ನೆಲದೊಳಗಿನ ಶೋಧಕ್ಕೆ ರೋಧಶೀಲತೆಯ ಅಳತೆಯನ್ನು ಬಳಸಿದವರಲ್ಲಿ ಫ್ರಾನ್ಸಿನ ಕಾನ್ರಾಡ್ ಶ್ಲುಂಬರ್ಜೆ (1912) ಮತ್ತು ಅಮೆರಿಕದ ಫ್ರಾಂಕ್ ವೆನ್ನರ್ ಮೊದಲಿಗರು. ವೆನ್ನರ್ ವಿಧಾನ ಸರಳ: ಸಮಾನ ಅಂತರದಲ್ಲಿ ನಾಲ್ಕು ಗೂಟ ನೆಟ್ಟು, ಹೊರಗಿನ ಎರಡರಿಂದ ಕರೆಂಟು ಹರಿಸಿ, ಒಳಗಿನ ಎರಡರ ನಡುವೆ ವೋಲ್ಟೇಜು ಅಳೆಯುವುದು. ಅಂತರ 10 ಮೀಟರ್, ಕರೆಂಟು 0.1 ಆಂಪಿಯರ್, ವೋಲ್ಟೇಜು 0.5 ವೋಲ್ಟ್ ಆಗಿದ್ದರೆ ರೋಧ 5 ಓಮ್. ಅದನ್ನು 2π ಮತ್ತು ಅಂತರದಿಂದ ಗುಣಿಸಿದರೆ ತೋರಿಕೆಯ ರೋಧಶೀಲತೆ ಸುಮಾರು 314 ಓಮ್-ಮೀಟರ್. ಗೂಟಗಳನ್ನು ದೂರ ಸರಿಸಿದಷ್ಟೂ ಆಳದ ಪದರಗಳ ಪ್ರಭಾವ ಅಳತೆಯಲ್ಲಿ ಹೆಚ್ಚುತ್ತದೆ.

ತೆಲಂಗಾಣದ ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಸೀಮೆಗೆ ಈ ವಿಧಾನ ಹೇಳಿ ಮಾಡಿಸಿದಂತಿದೆ. ಇಲ್ಲಿನ ಬಹುಪಾಲು ನೆಲದಡಿ ಗ್ರಾನೈಟ್ ಮತ್ತು ನೈಸ್ ಶಿಲೆ. ಗದ್ವಾಲಿನ ಬಳಿ ಶಿಸ್ಟ್ ಪಟ್ಟಿಯೂ ಇದೆ. ಬಂಡೆ ತಾನಾಗಿ ನೀರು ಹಿಡಿಯದು. ನೀರು ನಿಲ್ಲುವುದು ಮೇಲಿನ ಮೊರಂ (ಶಿಥಿಲಗೊಂಡ ಬಂಡೆ) ಪದರದಲ್ಲಿ, ಬಂಡೆಯ ಬಿರುಕುಗಳಲ್ಲಿ. ನೀರುಂಡ ಮೊರಂ ಕರೆಂಟನ್ನು ಬಿಡುತ್ತದೆ, ಒಣ ಬಂಡೆ ತಡೆಯುತ್ತದೆ. ಇಂಥ ಗಟ್ಟಿ ಶಿಲಾ ಪ್ರದೇಶಗಳಲ್ಲಿ ಈ ಸಮೀಕ್ಷೆ ನಡೆಸುವ ಸಂಸ್ಥೆಗಳಲ್ಲಿ 1961ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯೂ ಒಂದು.

ಅಂಗೈ ಮೇಲೆ ತೆಂಗಿನಕಾಯಿ ಇಟ್ಟು ನೀರು ನೋಡುವುದಕ್ಕಿಂತ ಇದು ಖಂಡಿತ ಮೇಲು, ಆದರೆ ಮಂತ್ರವಲ್ಲ. ಜೇಡಿಮಣ್ಣು, ಉಪ್ಪುನೀರು ಎರಡರ ರೋಧಶೀಲತೆಯೂ ಕಡಿಮೆಯೇ, ಹಾಗಾಗಿ ಅವೂ ಒಳ್ಳೆಯ ನೀರಿನ ಪದರದಂತೆ ಕಾಣಬಹುದು. ಆಳದ ಸಣ್ಣ ಬಿರುಕುಗಳು ಅಳತೆಗೆ ಸಿಗದೆ ಹೋಗಬಹುದು. ಹತ್ತಿರದ ಬಾವಿ, ಬೋರುಗಳ ಮಾಹಿತಿಯೊಡನೆ ತಾಳೆ ನೋಡದೆ, ಒಂದೇ ಕಡೆಯ ಅಳತೆ ನಂಬಿ ಬೋರ್ ಕೊರೆಸುವುದು ಸಲ್ಲದು.